ಸಮುದ್ರದ ದಂಡೆಯಲ್ಲಿ ಮಣೂಕ ಒಣಗಿಸಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಪ್ರವಾಸದಲ್ಲಿ ನಾನು ಮಾಡಿದ ಅರ್ಧ ಕೆಲಸ ಸಿಟ್ಟಿನಲ್ಲಿ ಮಾಡಿದ್ದು, ಉಳಿದರ್ಧ ಹಟದಲ್ಲಿ. ನಮ್ಮವರು ಇದಕ್ಕೆ ಪೂರಾ ಉಲ್ಟಾ. ತಿಕೋಟಾದ ನಮ್ಮ ದ್ರಾಕ್ಷಿ ತೋಟದಲ್ಲಿ ಒಂದು ವರ್ಷ ಆಲಿಕಲ್ಲು ಬಿದ್ದಾಗಲೂ ಅವರು ತುಟಿ ಬಿಚ್ಚಲಿಲ್ಲ. ಬಿದ್ದ ಗೊನೆಗಳನ್ನು ಬುಟ್ಟಿಗೆ ತುಂಬುತ್ತಾ ಹೋದರು. ನಾನು ಬದುವಿನ ಮೇಲೆ ನಿಂತು ಆಕಾಶಕ್ಕೆ ಮುಖ ಮಾಡಿ ಒಂದು ತಾಸು ಬೈದೆ. ಬೈದು ಮುಗಿಸಿ ನಾನೂ ಬುಟ್ಟಿ ತಗೊಂಡೆ.

ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಇವರು ತೋಟ ಬಿಟ್ಟು ಹೊರಗೆ ಮಲಗಿದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ವಿಜಯಪುರಕ್ಕೆ ಔಷಧಿ ತರಲು ಹೋದರೆ ಊಟದ ಹೊತ್ತಿಗೆ ವಾಪಸ್ಸು. ಬೀಗರ ಮನೆಯ ಮದುವೆಗೆ ಹೋದರೆ ಅಕ್ಷತೆ ಹಾಕಿ, ಊಟದ ಪಂಕ್ತಿ ಏಳುವ ಮೊದಲೇ ಚಪ್ಪಲಿ ಹುಡುಕುತ್ತಿದ್ದರು. ಕೇಳಿದರೆ ಒಂದೇ ಮಾತು: "ದ್ರಾಕ್ಷಿ ಅಂದ್ರ ಹಾಲು ಕುಡಿಯೂ ಕೂಸು. ಬಿಟ್ಟ ಹೆಂಗ ಬರ್ಲಿ?"

"ಮೂವತ್ತು ವರ್ಷದ ಮ್ಯಾಲೂ ಹಾಲು ಕುಡಿಯೂ ಕೂಸು ಎಲ್ಲ್ಯರ ಇರ್ತೈತೇನ್ರಿ?" ಎಂದು ನಾನು ಅನ್ನುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಅವರು ಹಾಗೆ ನಕ್ಕು ಸುಮ್ಮನಾಗುವುದು ಇದೆಯಲ್ಲ, ಅದರಂಥ ಸಿಟ್ಟು ತರಿಸುವ ಸಂಗತಿ ಇನ್ನೊಂದಿಲ್ಲ.

ನನಗೆ ತಿರುಗುವ ಹುಚ್ಚು ಹಿಡಿಸಿದವರು ಕುರಿಗಾರರು. ಗೊಬ್ಬರಕ್ಕೆಂದು ಪ್ರತಿವರ್ಷ ನಮ್ಮ ಖಾಲಿ ಹೊಲದಲ್ಲಿ ಎರಡು ದಿನ ಅವರ ಹಿಂಡು ನಿಲ್ಲಿಸಿಕೊಳ್ಳುತ್ತೇವೆ. ಹಿಂಡಿನ ಹಿಂದೆ ಅವರ ಸಂಸಾರವೂ ಬರುತ್ತದೆ. ಒಂದು ಸಣ್ಣ ಕುದುರೆ, ಅದರ ಮೇಲೆ ಕೌದಿ, ಗಡಿಗೆ, ಹಗ್ಗ, ಕಾಲು ಕಟ್ಟಿದ ಎರಡು ಕೋಳಿ. ಇಷ್ಟೇ ಮನೆ. ಒಂದು ಸಲ ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, "ದಿನಾ ಒಂದೊಂದು ಊರು. ಬ್ಯಾಸರ ಬರೂದಿಲ್ಲೇನ ನಿನಗ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಮರುಕವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಕೆ ರೊಟ್ಟಿ ಮಗುಚಿ ಹಾಕಿ ನನ್ನನ್ನು ನೋಡಿದಳು. "ದಿನಾ ಅದ ಗ್ವಾಡಿ ನೋಡ್ಕೋತ ಕುಂದರ್ತೀರಲ್ಲ ಅಕ್ಕಾರ, ನಿಮಗ ಬರೂದಿಲ್ಲೇನ್ರಿ?" ಎಂದಳು.

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ, ಆಕೆ ಅವರಲ್ಲೊಬ್ಬಳು. ಮನೆಗೆ ಬಂದು ಒಲೆಯ ಮುಂದೆ ಕೂತಾಗ ಎದುರಿಗೆ ಆ ಗೋಡೆ ಇತ್ತು. ಹೊಗೆ ಕುಡಿದು ಕಪ್ಪಾಗಿ, ಒಂದು ಮೊಳೆ, ಮೊಳೆಗೊಂದು ಜರಡಿ. ಮೂವತ್ತು ವರ್ಷ ಅದನ್ನೇ ನೋಡುತ್ತಾ ರೊಟ್ಟಿ ಬಡಿದಿದ್ದೆ. ಅವತ್ತಿನಿಂದ ಆ ಗೋಡೆ ಕಂಡರೆ ನನಗಾಗುತ್ತಿರಲಿಲ್ಲ.

ಎರಡು ವರ್ಷ ಬಿಟ್ಟು ನಾನು ಮಾಡಿದ ಕೆಲಸ ಇದು. ತೋಟದ ಪಿಕಪ್ ಗಾಡಿಯ ಬಾಗಿಲು ರಿಪೇರಿಗಿತ್ತು. ಆ ನೆವ ಹೇಳಿ ಮೈದುನನ ಕೈಯಲ್ಲಿ ಗಾಡಿ ಹೊಡೆಸಿಕೊಂಡು ವಿಜಯಪುರದ ಇಬ್ರಾಹಿಂಪುರಕ್ಕೆ ಹೋದೆ. ಅಲ್ಲಿ ರೈಲು ಹಳಿಯ ಬದಿಗೆ ಒಬ್ಬ ಮಿಸ್ತ್ರಿಯ ವೆಲ್ಡಿಂಗ್ ಅಂಗಡಿ ಇದೆ. ನಮ್ಮ ಶೆಡ್ಡಿನ ಕಬ್ಬಿಣದ ಕೆಲಸ ಮಾಡಿದವನು ಅವನೇ.

"ಮಿಸ್ತ್ರಿ, ಈ ಗಾಡಿ ಮ್ಯಾಲ ಒಂದು ಮನಿ ಕಟ್ಟಬೇಕು."

"ಮನೀನಾ? ಎಷ್ಟ ಮಂದಿಗಿರಿ ಅಕ್ಕಾರ?"

"ಇಬ್ಬರಿಗೆ. ನಮ್ಮವರಿಗೆ, ನನಗ."

ಅಷ್ಟರಲ್ಲಿ ರೈಲು ಬಂತು. ಅಲ್ಲಿ ರೈಲು ಬಂದರೆ ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಾರೆ. ಡಬ್ಬಿ ಎಲ್ಲ ದಾಟಿ ಹೋದ ಮೇಲೆ ಮಿಸ್ತ್ರಿ ತಲೆ ಕೆರೆದುಕೊಂಡು, "ಪಂಢರಪುರಕ್ಕ ಹೊಂಟೀರೇನ್ರಿ?" ಎಂದ.

"ಇಲ್ಲೋ ಯಪ್ಪಾ. ಸಮುದ್ರ ನೋಡಾಕ."

ಅವನಿಗೆ ನನಗಿಂತ ಜಾಸ್ತಿ ಹುರುಪು ಬಂತು. ಕಬ್ಬಿಣದ ಚೌಕಟ್ಟು, ಹೊರಗೆ ತಗಡು, ಒಳಗೆ ಪ್ಲೈವುಡ್ಡು. ಇಬ್ಬರು ಮಲಗುವ ಹಲಗೆ, ಅದರ ಕೆಳಗೆ ಪಾತ್ರೆ ಇಡುವ ಜಾಗ, ಸ್ಟೋವಿಗೊಂದು ಕಟ್ಟೆ, ನೀರಿನ ಡ್ರಮ್ಮು, ಹಿಂದೆ ಚಾವಣಿಯವರೆಗೆ ಏಣಿ. ಎಂಟು ಬೋಲ್ಟು ಬಿಚ್ಚಿದರೆ ಪೆಟ್ಟಿಗೆಯನ್ನು ಇಡಿಯಾಗಿ ಇಳಿಸಬಹುದು. ಹಳೆಯ ಇಳಕಲ್ ಸೀರೆ ಹರಿದು ಪರದೆ ಮಾಡಿದೆ. ಗಾಡಿ ಮನೆ ಮುಂದೆ ಬಂದು ನಿಂತಾಗ ನಮ್ಮವರು ಅದನ್ನು ಎರಡು ಸುತ್ತು ಹಾಕಿದರು. ಬಾಗಿಲು ತೆಗೆದು ಒಳಗೆ ಇಣುಕಿದರು. ಹಲಗೆಯನ್ನು ಕೈಯಿಂದ ತಟ್ಟಿ ನೋಡಿದರು. ಆಮೇಲೆ ಕೇಳಿದ್ದು, "ಕ್ರೇಟ್ ಎಲ್ಲೆ ಹೇರೂದು?"

ಅಯ್ಯ ಶಿವನೇ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಅವರ ತಾಟಿಗೆ ಬಡಿಸಿದೆ, ಬಾಯಿ ಬಿಡಲಿಲ್ಲ. ನಾನು ಬೈದರೆ ಅವರಿಗೆ ಏನೂ ಆಗುವುದಿಲ್ಲ, ಬೈಯದಿದ್ದರೆ ಹೆದರುತ್ತಾರೆ. ಮೂರನೆಯ ದಿನ ತಾವಾಗಿ ಬಂದು ಒಲೆಯ ಹತ್ತಿರ ಕೂತರು.

ಅದು ಕಟಾವು ಮುಗಿದ ಕಾಲ. ಒಣದ್ರಾಕ್ಷಿ, ನಮ್ಮ ಕಡೆ ಮಣೂಕ ಅನ್ನುತ್ತೇವೆ, ಎಲ್ಲ ಶೆಡ್ಡಿನಿಂದ ಹೊರಟುಹೋಗಿತ್ತು. ಏಪ್ರಿಲ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಹದಿನೈದು ದಿನ ಇತ್ತು. ಗಿಡಕ್ಕೂ ಅದು ವಿಶ್ರಾಂತಿಯ ಹೊತ್ತು. ಉಳಿದದ್ದು ಮನೆಯ ಮಾಲು ಒಂದೇ. ಬಾವಿಯ ಪಕ್ಕದ ಒಂದು ಸಾಲಿನ ಹಣ್ಣನ್ನು ನಾವು ಮಾರುವುದಿಲ್ಲ. ಔಷಧಿ ಕಡಿಮೆ, ಗಂಧಕದ ಹೊಗೆಯಿಲ್ಲ, ಕಡೆಗೆ ಕೊಯ್ದು ನಿಧಾನ ಒಣಗಿಸಿ, ದೇವರಿಗೆ ಇಟ್ಟು, ಅಕ್ಕತಂಗಿಯರಿಗೆ, ಬೀಗರಿಗೆ, ಕೆಲಸಕ್ಕೆ ಬಂದವರಿಗೆಲ್ಲ ಒಂದೊಂದು ಸೇರು ಕೊಡುವುದು ನಮ್ಮ ಮನೆತನದ ರೂಢಿ. ಅದರಲ್ಲೂ ಒಂದು ಕಟ್ಟಳೆ ಇದೆ: ಮನೆಯ ಮಾಲಿನ ಕಡೆಯ ಹದವನ್ನು ಯಜಮಾನನೇ ನೋಡಬೇಕು, ಆಳಿಗೆ ಬಿಡುವಂತಿಲ್ಲ, ತಮ್ಮನಿಗೂ ಬಿಡುವಂತಿಲ್ಲ. ಮಾವನವರು ಹಾಗೆ ಮಾಡಿದ್ದರು, ಇವರೂ ಹಾಗೇ. ಆ ಹದಕ್ಕೆ ಇನ್ನೂ ಮೂರು ದಿನದ ಬಿಸಿಲು ಬಾಕಿ ಇತ್ತು.

"ತ್ವಾಟ ತಮ್ಮ ನೋಡ್ತಾನ. ಮನೀ ಮಾಲು ಏನ್ ಮಾಡ್ಲಿ?" ಎಂದರು.

"ಸಂಗಾಟ ಒಯ್ಯೂಣು," ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. "ಗಾಡಿ ಮ್ಯಾಲ ಜಾಳಿಗಿ ಚೌಕಟ್ಟು ಕಟ್ಟಿ ಹರವೂಣು, ಹಾರದಂಗ ಬಲಿ ಹೊಚ್ಚೂಣು. ಇಲ್ಲೆ ಬಿಸಲಾಗ ಒಣಗೂದು ಅಲ್ಲಿ ಬಿಸಲಾಗ ಒಣಗೂದಿಲ್ಲೇನು? ಸಮುದ್ರದ ಕಡೆ ಬಿಸಲು ನಮಗಿಂತ ಜೋರಂತ."

ಅವರು ಒಲೆಗೆ ಒಂದು ಕಟ್ಟಿಗೆ ನೂಕಿದರು. ಆಮೇಲೆ ಆಡಿದಷ್ಟು ಉದ್ದನೆಯ ಮಾತನ್ನು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. "ಬರ್ತೇನಿ. ಆದ್ರ ಮನೀ ಮಾಲು ಕೆಡಬಾರದು. ಕೆಟ್ಟರ, ಬಂದ ಮರುದಿನ ಈ ಪೆಟಗಿ ಇಳಸೂದು, ಕ್ರೇಟ್ ಹೇರೂದು. ಮತ್ತ ಎಂದೂ ನೀ ತಿರಗೂ ಮಾತು ತಗೀಬಾರದು. ಕೆಡಲಿಲ್ಲಂದ್ರ, ವರ್ಷಾ ಹೋಗೂಣು. ನೀ ಹೇಳಿದಲ್ಲಿ."

"ಮಾತಂದ್ರ ಮಾತು?"

"ಮಾತಂದ್ರ ಮಾತು."

ಹೀಗೆ ನನ್ನ ಉಳಿದ ಆಯುಷ್ಯದ ತಿರುಗಾಟವೆಲ್ಲ ಆರು ಜಾಳಿಗೆ ಮಣೂಕದ ಮೇಲೆ ನಿಂತಿತು.

ಮೊದಲ ಊಟ ಬಬಲೇಶ್ವರದಲ್ಲಿ, ನನ್ನ ತವರಿನಲ್ಲಿ. ಅವತ್ತು ಸಂತೆ. ಗಾಡಿ ಜನರ ನಡುವೆ ಆಮೆಯ ಹಾಗೆ ಸಾಗಿತು, ಪ್ರತಿಯೊಬ್ಬರೂ ಪರದೆ ಎತ್ತಿ ಒಳಗೆ ನೋಡುವವರೇ. ಒಬ್ಬಾಕೆ ನನ್ನನ್ನೇ, "ಏನ್ ಮಾರಾಕ ಬಂದೀರಿ?" ಎಂದು ಕೇಳಿದಳು. ಅಣ್ಣ ಬಾಗಿಲಲ್ಲೇ ನಿಂತು ನಮ್ಮವರನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದ: "ತಂಗೀ, ಮಾವಾರ್‍ನ ತ್ವಾಟದಿಂದ ಕಿತ್ಕೊಂಡ ಬಂದೀಯಲ್ಲ ಬೇ! ಬೇರು ಸುದ್ದಾ ಬಂದಾವಿಲ್ಲೋ ನೋಡು, ಇಲ್ಲಂದ್ರ ಒಣಗ್ಯಾರು." ನಮ್ಮವರೂ ನಕ್ಕರು. ಪಣದ ಸುದ್ದಿ ಕೇಳಿ ಅಣ್ಣ ತಾನೇ ಸಾಕ್ಷಿ ಎಂದು ಸಾರಿದ. ಅತ್ತಿಗೆ ಒಂದು ಡಬ್ಬಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಟ್ಟಳು. ಕಟಕ ರೊಟ್ಟಿ ಗೊತ್ತಲ್ಲ, ಒಣಗಿಸಿದ ಜೋಳದ ರೊಟ್ಟಿ, ಮುರಿದರೆ ಪಕ್ಕದ ಮನೆಗೆ ಕೇಳಬೇಕು, ತಿಂಗಳು ಇಟ್ಟರೂ ಹಾಗೇ ಇರುತ್ತದೆ.

ಗಲಗಲಿಯಲ್ಲಿ ಕೃಷ್ಣೆ ದಾಟಿ, ಮುಧೋಳ, ಲೋಕಾಪುರ, ಸವದತ್ತಿ. ಇವರು ನಲವತ್ತರ ಮೇಲೆ ಗಾಡಿ ಓಡಿಸಲಿಲ್ಲ. ಹಿಂದೆ ಬಂದವರೆಲ್ಲ ಹಾರ್ನು ಹೊಡೆದು ಬೈದು ಮುಂದೆ ಹೋದರು, ಇವರಿಗೆ ಪರಿವೆಯಿಲ್ಲ. ಹಾದಿಯುದ್ದಕ್ಕೂ ಹೊಲ ನೋಡುವುದೇ ಕೆಲಸ. "ಇಲ್ಲೆ ನೆಲ ಕರೇದು ನೋಡು," "ಈ ಕಬ್ಬಿಗೆ ನೀರು ಜಾಸ್ತಿ ಆಗೈತಿ," "ಈ ಮನಶ್ಯಾಗ ಬದು ಹಾಕಾಕ ಬರೂದಿಲ್ಲ." ಅಷ್ಟು ವರ್ಷ ಮನೆಯಲ್ಲಿ ಆಡದ ಮಾತನ್ನು ಒಂದೇ ದಿನ ಆಡಿದರು. ಮೇಲೆ ಜಾಳಿಗೆಯಲ್ಲಿ ಮಾಲು ಒಣಗಾಳಿಗೆ ಚೆನ್ನಾಗಿ ಹದವಾಗುತ್ತಿತ್ತು. ಮರುದಿನ ಬೆಳಿಗ್ಗೆ ಧಾರವಾಡದ ಆಚೆ ಒಂದು ಮಾವಿನ ತೋಪಿನ ಹತ್ತಿರ ನಿಂತಾಗ ಇವರು ಏಣಿ ಹತ್ತಿ, ಮಣೂಕವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಟ್ಟು ನೋಡಿದರು. ಹದ ಕೂಡಿದ ಮಣೂಕ ಕೈ ಬಿಟ್ಟ ಕೂಡಲೇ ಬಿಡಿಬಿಡಿಯಾಗಿ ಉದುರಬೇಕು. ಮುಕ್ಕಾಲು ಉದುರಿತು, ಕಾಲು ಅಂಟಿಕೊಂಡಿತು.

"ಇವತ್ತೊಂದು ದಿನ ಇಲ್ಲೇ ಇರೂಣು. ಇಂಥಾ ಗಾಳಿ ಮುಂದ ಸಿಗ್ತೈತೋ ಇಲ್ಲೋ," ಎಂದರು.

ಆಗ ನಾನು ಹೂಂ ಅನ್ನಬೇಕಿತ್ತು. ಸಮುದ್ರ ಇನ್ನು ಅರ್ಧ ದಿನದ ಹಾದಿ. ನನಗೆ ತಡೆಯಲಿಲ್ಲ. "ಒಂದು ದಿನದ ಬಿಸಲಿಗೆ ಇಲ್ಲೆ ಕುಂತು ಏನ್ ಮಾಡೂದ್ರಿ? ಅಲ್ಲೇ ಒಣಗ್ತಾವ. ನಡೀರಿ ಅಂದ್ರ ನಡೀರಿ!" ಎಂದು ಗದರಿದೆ. ಅವರು ಇಳಿದು ಬಂದು ಗಾಡಿ ಶುರು ಮಾಡಿದರು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದು ಅಲ್ಲಿ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದದ್ದೇ ಗಾಳಿ ಬದಲಾಯಿತು. ಬಿಸಿಯೂ ಇತ್ತು, ಒದ್ದೆಯೂ ಇತ್ತು. ಬೆವರು ಬಂದರೆ ಆರುವ ಮಾತೇ ಇಲ್ಲ. ಅಂಕೋಲಾ ದಾಟಿ, ಗಾಳಿಮರಗಳ ನಡುವೆ ಮರಳಿನ ದಾರಿಯೊಂದು ಸಿಕ್ಕಿತು. ಅದರ ಕೊನೆಗೆ ಮೀನುಗಾರರ ನಾಲ್ಕು ಮನೆ, ತೆಂಗು, ಆಚೆ ಅದು. ಟಿ.ವಿ.ಯಲ್ಲಿ ನೂರು ಸಲ ನೋಡಿದ್ದೆ. ಆದರೆ ಎದುರಿಗೆ ನಿಂತಾಗ ಮೊದಲು ತಿಳಿದದ್ದು ಅದರ ಸದ್ದು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಐವತ್ತರ ಹೆಂಗಸು, ಸೀರೆ ಮೊಣಕಾಲಿಗೆತ್ತಿ, ನಾಚಿಕೆಯಿಲ್ಲದೆ ಓಡಿದೆ. ನೀರು ಕಾಲಿಗೆ ಬಡಿದಾಗ ಕಿರುಚಿದೆ, ನಕ್ಕೆ, ಅತ್ತೆ. ಅಷ್ಟು ಖುಷಿ ನನಗೆ ಮೊದಲ ಮಗು ಹುಟ್ಟಿದಾಗ ಆಗಿತ್ತು.

ನಮ್ಮವರು ಹಿಂದಿನಿಂದ ನಿಧಾನ ಬಂದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇದಕ್ಕ ಆ ಕಡೆ ದಂಡಿ ಕಾಣೂದಿಲ್ಲಲ್ಲ," ಎಂದರು. ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು ಬಾಯಿಗೆ ಹಾಕಿ, ಥೂ ಎಂದು ಉಗುಳಿ, ಬಾಯಿ ಒರೆಸಿಕೊಂಡು ಆಕಾಶ ನೋಡಿದರು. "ಇಷ್ಟು ನೀರು ಕೊಟ್ಟು, ಅದರಾಗ ಉಪ್ಪು ಹಾಕ್ಯಾನಲ್ಲಲೇ ದೇವ್ರು! ಎಂಥಾ ಮನಶ್ಯಾ ಇದ್ದಾನ ಅಂವ!" ದೇವರ ಮೇಲೆ ಅವರು ಸಿಟ್ಟಾದದ್ದು ನಾನು ಕಂಡಂತೆ ಅದೇ ಮೊದಲು.

ಮೂರು ದಿನ ಇರುವುದೆಂದು ಮಾತಾಗಿತ್ತು. ಒಂದು ತೆಂಗಿನ ಮರದ ಬದಿಗೆ, ಮೇಲೆ ಬಿಸಿಲು ಬೀಳುವಂತೆ ಗಾಡಿ ಹಚ್ಚಿದೆವು. ಆ ಮನೆಗಳ ಪೈಕಿ ಒಂದರ ಹೆಂಗಸು, ನನ್ನ ವಾರಿಗೆಯವಳೇ, ಮೀನು ಮಾರುವವಳು, ಬಾವಿಯ ನೀರು ಬಳಸಲು ಹೇಳಿದಳು. ನಾನು ಮೊದಲು ಮಾಡಿದ ಕೆಲಸ, ಜಾಳಿಗೆಗಳನ್ನು ಬಿಸಿಲಿಗೆ ಸರಿಮಾಡಿ ಹರವಿದ್ದು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೋಡ್ರಿ, ನಾ ಹೇಳಿರಲಿಲ್ಲೇನು, ಎಂದು ಒಂದು ಮಾತು ಆಡಿಯೂ ಆಡಿದೆ.

ಸಂಜೆ ಊಟಕ್ಕೆ ಕಟಕ ರೊಟ್ಟಿಯ ಡಬ್ಬಿ ತೆಗೆದೆ. ಒಂದನ್ನು ಮುರಿಯಲು ಹೋದರೆ ಮುರಿಯಲಿಲ್ಲ, ಬಾಗಿತು. ಮತ್ತೊಂದು ತೆಗೆದೆ, ಅದೂ ಮಡಚಿಕೊಂಡಿತು. ಹೀಗೆ ಕರವಸ್ತ್ರದ ಹಾಗೆ ಮಡಚುವ ಕಟಕ ರೊಟ್ಟಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಮ್ಮವರು ಅದನ್ನು ಸುತ್ತಿ ಹಿಂಡಿಯಲ್ಲಿ ಅದ್ದಿ ತಿಂದು, "ಮೆತ್ತಗ ಛಲೋ ಆಗ್ಯಾವ. ಹಲ್ಲಿಗೆ ತ್ರಾಸಿಲ್ಲ," ಎಂದರು. ನಾನು ಮಾತ್ರ ತಲೆಯೆತ್ತಿ ಗಾಡಿಯ ಮೇಲಿನ ಜಾಳಿಗೆ ನೋಡಿದೆ. ರೊಟ್ಟಿಗೇ ಈ ಗತಿಯಾದರೆ?

ಮರುದಿನ ಮಧ್ಯಾಹ್ನ ಇವರು ಇಲ್ಲದಾಗ ಏಣಿ ಹತ್ತಿ ಮುಷ್ಟಿ ಹಿಡಿದು ಬಿಟ್ಟೆ. ಒಂದು ಕಾಳೂ ಉದುರಲಿಲ್ಲ. ಕೈಯಲ್ಲಿ ಉಂಡೆ ನಿಂತಿತ್ತು. ಅದನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸತೊಡಗಿದೆ.

ಕೆಳಗೆ ಆ ಮೀನಿನ ಹೆಂಗಸು ನಿಂತು ನೋಡುತ್ತಿದ್ದಳು. "ಎಂತ ಮಾಡ್ತಿದ್ರಿ ಅಕ್ಕಾ?" ಎಂದಳು.

"ಒಣಗಸಾಕತ್ತೇನ್ರಿ."

ಅವಳು ಬುಟ್ಟಿ ಕೆಳಗಿಟ್ಟು ನಕ್ಕದ್ದು ನಕ್ಕದ್ದೇ. "ಇಲ್ಲಿಯಾ? ಉಪ್ಪು ಹಾಕಿದ ಮೀನೇ ಸಮಾ ಒಣಗ್ಬೇಕಾದ್ರೆ ನಮ್ ಜೀವ ಹೋಗ್ತದೆ. ನಿಮ್ದು ಸಕ್ರೆ ಇದ್ದ ಹಾಂಗೆ ಇದೆ. ಗಾಳಿಲಿ ಇದ್ದ ನೀರೆಲ್ಲ ಕುಡಿತದೆ ಅದು!"

ನೋಡಿ, ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು. ನಮಗೆ ಬಿಸಿಲು ಅಂದರೆ ಒಣಗುವುದು, ಅಷ್ಟೇ. ಹಪ್ಪಳ, ಮೆಣಸಿನಕಾಯಿ, ಸೀರೆ, ದ್ರಾಕ್ಷಿ, ಏನೇ ಹರವಿದರೂ ಸಂಜೆಗೆ ಗರಿಗರಿ. ಬಿಸಿಲಿದ್ದೂ ಒಣಗದ ಊರು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹಗ್ಗದ ಮೇಲಿನ ನನ್ನ ಸೀರೆಯೂ ನಿನ್ನೆಯಿಂದ ಹಸಿಯಾಗಿಯೇ ಇತ್ತು. ಅದನ್ನು ನೋಡಿಯೂ ನೋಡದ ಹಾಗೆ ಮಾಡಿದ್ದೆ.

ಇವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಪಣ ಸೋತೆ, ಪೆಟ್ಟಿಗೆ ಇಳಿಯಿತು, ಗೋಡೆಯ ಮುಂದೆ ಕೂತೆ. ಮೊದಲು ಹೇಗಾದರೂ ಉಳಿಸಿಕೊಳ್ಳೋಣ ಎಂದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕದ್ದು ಕದ್ದು ಪ್ರಯತ್ನ ನಡೆಸಿದೆ. ಹಂಚಿನ ಮೇಲೆ ಬಿಸಿ ಮಾಡಿದೆ, ಒಂದು ಬೊಗಸೆ ಸುಟ್ಟು ಹೋಯಿತು. ಗಾಡಿಯ ಎಂಜಿನ್ ಶುರು ಮಾಡಿ ಅದರ ಬಿಸಿಗೆ ಒಂದು ಜಾಳಿಗೆ ಹಿಡಿದೆ, ಡೀಸೆಲ್ ವಾಸನೆ ಹತ್ತಿತು. ತೀರಾ ಮೆತ್ತಗಾದದ್ದನ್ನು ಅಡುಗೆಗೆ ಹಾಕಿ ಮುಗಿಸೋಣವೆಂದು ಶಿರಾಕ್ಕೆ ಹಾಕಿದೆ, ಅನ್ನಕ್ಕೆ ಹಾಕಿದೆ, ಕಡೆಗೆ ಉಪ್ಪಿಟ್ಟಿಗೂ ಹಾಕಿದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮಣೂಕ. ನಮ್ಮವರು ತಾಟು ನೋಡಿ, ನನ್ನ ಮುಖ ನೋಡಿ, ಪೂರ್ತಿ ಉಂಡರು.

ಇನ್ನೊಂದು ಕಡೆ ಏನಾಗುತ್ತಿತ್ತೆಂದರೆ, ಇವರು ಬದಲಾಗುತ್ತಿದ್ದರು. ಮೊದಲ ದಿನ ಪಾದ ಮುಳುಗುವಷ್ಟು ನೀರಿಗೆ ಹೋದವರು ಎರಡನೆಯ ದಿನ ಮೊಣಕಾಲಿಗೆ, ಮೂರನೆಯ ದಿನ ಸೊಂಟಕ್ಕೆ ಹೋದರು. ಅಲೆ ಬಂದರೆ ಬೆನ್ನು ಕೊಟ್ಟು ನಿಲ್ಲುವುದು, ಬಿದ್ದರೆ ಎದ್ದು ನಗುವುದು. ಅವರ ನಗು ದೂರದವರೆಗೆ ಕೇಳುತ್ತಿತ್ತು. ಅಷ್ಟು ದೊಡ್ಡ ನಗು ಅವರೊಳಗೆ ಇತ್ತೆಂಬುದು ಮೂವತ್ತು ವರ್ಷ ಒಟ್ಟಿಗಿದ್ದ ನನಗೇ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ದಂಡೆಯಲ್ಲಿ ದೊಡ್ಡ ರಂಪಣಿ ಬಲೆ ಎಳೆಯುತ್ತಿದ್ದರು, ಸುತ್ತಲ ಊರಿನ ಜನವೆಲ್ಲ ಎರಡು ಸಾಲಾಗಿ ಹಗ್ಗ ಹಿಡಿದಿತ್ತು. ಇವರೂ ಧೋತರ ಕಟ್ಟಿ ಸಾಲಿನ ಕೊನೆಗೆ ಸೇರಿದರು. "ಹಗ್ಗ ಜಗ್ಗಾಕ ಯಾವ ಊರಾದ್ರೇನು?" ಎಂದರು. ಬಲೆ ಬಂತು, ಮೀನು ಪಟಪಟ ಎಂದವು. ಎಳೆದವರಿಗೆಲ್ಲ ಪಾಲು ಕೊಡುವುದು ಅಲ್ಲಿಯ ಪದ್ಧತಿಯಂತೆ. ಇವರ ಕೈಗೂ ಒಂದು ಬುಟ್ಟಿ ಜೀವಂತ ಮೀನು ಕೊಟ್ಟರು. ನಮ್ಮ ಮನೆತನದಲ್ಲಿ ಮೀನು ಮುಟ್ಟಿದವರಿಲ್ಲ. ಬುಟ್ಟಿಯನ್ನು ಮೈಯಿಂದ ಮಾರು ದೂರ ಹಿಡಿದು, ಮುಖ ಹಿಂದೆ ತಿರುಗಿಸಿ, ಕುಣಿಯುತ್ತಾ ಬಂದು ಆ ಹೆಂಗಸಿನ ಬಾಗಿಲಿಗಿಟ್ಟು, "ತಗೋರಿ ಯವ್ವಾ, ತಗೋರಿ, ಕಣ್ಣು ಬಿಟ್ಟ ನೋಡಾಕತ್ತಾವ!" ಎಂದರು. ನಾನು ನಕ್ಕು ನಕ್ಕು ಮರಳಲ್ಲಿ ಕೂತುಬಿಟ್ಟೆ. ಅದಕ್ಕೆ ಪ್ರತಿಯಾಗಿ ಅವಳು ನಮಗೆ ದಿನಾ ಎಳನೀರು ಕೊಡಲು ಶುರು ಮಾಡಿದಳು.

ಮೂರನೆಯ ದಿನ ಸಂಜೆ, "ನಾಳೆ ಹೊಂಡೂಣೇನ್ರಿ?" ಎಂದು ಕೇಳಿದೆ. ಮರಳಿ ಘಟ್ಟ ಹತ್ತಿ ಒಣಗಾಳಿಗೆ ಬಿದ್ದರೆ ಮಾಲು ಇನ್ನೂ ಅಷ್ಟಿಷ್ಟು ಉಳಿದೀತು ಎಂಬ ಆಸೆ. ಅವರು ಮರಳಿನ ಮೇಲೆ ಬೆನ್ನು ಹಚ್ಚಿ ಮಲಗಿದ್ದರು. "ನಾಡದ ಹೋದ್ರಾತು," ಎಂದರು. ನಾಡದು ಬಂತು. "ಇನ್ನೊಂದು ದಿನ," ಎಂದರು.

ನನ್ನ ಪರಿಸ್ಥಿತಿ ಯಾರಿಗೂ ಬೇಡ. ಯಾವುದಕ್ಕಾಗಿ ಎರಡು ವರ್ಷ ಹಟ ಹಿಡಿದಿದ್ದೆನೋ ಅದು ಕಣ್ಣ ಮುಂದೆ ನಡೆಯುತ್ತಿತ್ತು: ಇವರು ತೋಟ ಮರೆತು ನಗುತ್ತಿದ್ದರು. ಮತ್ತು ಅವರು ನಕ್ಕ ಒಂದೊಂದು ದಿನಕ್ಕೂ ಮೇಲೆ ಜಾಳಿಗೆಯಲ್ಲಿ ಮಾಲು ಒಂದೊಂದು ಬಣ್ಣ ಕಪ್ಪಾಗುತ್ತಿತ್ತು. ಮಾಲು ಉಳಿಸಬೇಕೆಂದರೆ ಅವರನ್ನು ನೀರಿನಿಂದ ಎಬ್ಬಿಸಿ ಕರೆದೊಯ್ಯಬೇಕು. ನನಗೆ ಬಾಯಿ ಬರಲಿಲ್ಲ. ಒಂದೇ ಸಮಾಧಾನವೆಂದರೆ ಇವರು ಏಣಿಯ ಕಡೆ ಸುಳಿಯುತ್ತಿರಲಿಲ್ಲ. ಊರಲ್ಲಿ ಶೆಡ್ಡಿನ ಮುಂದೆ ಹಾದರೆ ಕೈ ಹಾಕದೆ ಬರುವವರಲ್ಲ, ಇಲ್ಲಿ ಒಂದು ಸಲವೂ "ಮಾಲು ಹೆಂಗೈತಿ?" ಎಂದು ಕೇಳಲಿಲ್ಲ. ನನ್ನ ಮೇಲೆ ಎಷ್ಟು ನಂಬಿಕೆ ಎಂದುಕೊಂಡೆ. ಅವರು ಸುಮ್ಮನೆ ನನ್ನ ಕಡೆ ನೋಡಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಮೈದುನನ ಫೋನು ಬಂತು. ಚಾಟ್ನಿಯ ಆಳುಗಳು ಸೋಮವಾರ ಬರುತ್ತೇವೆಂದಿದ್ದಾರೆ, ಅಣ್ಣ ಎಂದು ಬರುತ್ತಾನೆ ಎಂದು ಕೇಳಿದ. ಇವರು ಫೋನು ಕೈಯಲ್ಲಿ ಹಿಡಿದು ನೀರು ನೋಡುತ್ತಾ ಹೇಳಿದರು: "ಎರಡು ದಿನ ತಡಾ ಆಗ್ಲಿ ಬಿಡೋ. ನೀ ಇದ್ದೀಯಲ್ಲ." ಫೋನು ನನ್ನ ಕೈಗೆ ಕೊಟ್ಟು ಮತ್ತೆ ನೀರಿಗಿಳಿದರು.

ಚಾಟ್ನಿ ತಡವಾಗಲಿ! ಈ ಮನುಷ್ಯನ ಬಾಯಿಂದ! ಇನ್ನು ನನ್ನಿಂದ ಆಗಲಿಲ್ಲ. ಇಷ್ಟು ಬಿಚ್ಚುಮನಸ್ಸಿನಿಂದ ಇರುವವರಿಗೆ ನಾನು ನಾಲ್ಕು ದಿನದಿಂದ ಮೋಸ ಮಾಡುತ್ತಿದ್ದೆ. ಏಣಿ ಹತ್ತಿ, ಇದ್ದದ್ದರಲ್ಲೇ ಕೆಟ್ಟ ಜಾಳಿಗೆಯಿಂದ ಒಂದು ಮುಷ್ಟಿ ತೆಗೆದೆ. ಹುಳಿ ವಾಸನೆ ಹತ್ತಿತ್ತು. ಅದನ್ನು ಹಿಡಿದುಕೊಂಡು, ಉಟ್ಟ ಸೀರೆಯಲ್ಲೇ ನೀರಿಗೆ ನಡೆದೆ. ಇವರು ಸೊಂಟದವರೆಗೆ ನೀರಲ್ಲಿದ್ದರು. ತಪ್ಪು ನನ್ನದೇ, ಮೆತ್ತಗೆ ಹೇಳಬೇಕು ಎಂದು ದಂಡೆಯಲ್ಲಿ ಅಂದುಕೊಂಡದ್ದು. ಹತ್ತಿರ ಹೋಗುವಷ್ಟರಲ್ಲಿ ಸಿಟ್ಟೇ ಬಂತು. ಹುಟ್ಟುಗುಣ.

"ನೋಡ್ರಿಲ್ಲೆ!" ಎಂದು ಅಲೆಯ ಸದ್ದಿನ ಮೇಲೆ ಒದರಿದೆ. "ಕೆಟ್ಟಾವ! ಪೂರಾ ಕೆಟ್ಟಾವ! ಧಾರವಾಡದಾಗ ನೀವು ಹೇಳಿದ್ದು ಖರೇ, ನಾ ಕೇಳ್ಲಿಲ್ಲ. ನಾಕು ದಿನಾತು ಮುಚ್ಚಿಟ್ಟು. ಮಾತು ಮಾತ. ಬಿಚ್ಚಿಸ್ರಿ ಪೆಟಗಿ, ಕ್ರೇಟ್ ಹೇರ್‍ರಿ, ಇನ್ನ ಮ್ಯಾಲ ನಾ ಎಲ್ಲೂ ಕರಿಯೂದಿಲ್ಲ ನಿಮ್ಮನ್ನ!" ಹೇಳುತ್ತಾ ಹೇಳುತ್ತಾ ಅಳು ಬಂತು. ಅಲೆಯೊಂದು ಬಂದು ಇಬ್ಬರನ್ನೂ ಅರ್ಧ ತೋಯಿಸಿ ಹೋಯಿತು.

ಅವರು ನನ್ನ ಮುಷ್ಟಿ ನೋಡಲಿಲ್ಲ. ಬೀಳದಂತೆ ನನ್ನ ರಟ್ಟೆ ಹಿಡಿದುಕೊಂಡರು. "ಗೊತ್ತೈತಿ," ಎಂದರು.

"ಗೊತ್ತೈತಿ? ಏನ್ ಗೊತ್ತೈತಿ?"

"ಬಂದ ಮರುದಿನ ನಸುಕಿನ್ಯಾಗ, ನೀ ಬಾವಿಗೆ ಹೋದಾಗ, ಮ್ಯಾಲ ಹತ್ತಿ ಮುಷ್ಟಿ ಹಿಡದ ನೋಡೀನಿ. ಉಂಡಿ ಆಗಿತ್ತು. ಅವತ್ತ ಹೊಳ್ಳಿ ಹೋಗಿದ್ರ ಮಾಲು ಉಳೀತಿತ್ತು."

ನನಗೆ ನೆಲವೇ ಸಿಗಲಿಲ್ಲ. ಅಳು ಎಲ್ಲಿ ಹೋಯಿತೋ, ಕೋಪ ನೆತ್ತಿಗೇರಿತು. "ಮತ್ತ ಬಾಯಿ ಬಿಡಾಕ ಏನಾಗಿತ್ರಿ? ನಾ ಇಲ್ಲೆ ಜೀವ ಕೈಯಾಗ ಹಿಡ್ಕೊಂಡು ಉಪ್ಪಿಟ್ಟಿಗೆ ಮಣೂಕ ಹಾಕಾಕತ್ತೀನಿ! ನಿಮ್ಮಪ್ಪನ ಕಾಲದಿಂದ ನಡದ ಮನೀ ಮಾಲು, ನಿಮ್ಮ ಕಣ್ಣ ಮುಂದ ಕೆಡಾಕತ್ತಿತ್ತು. ಪಣ ಗೆದ್ದಿದ್ರಿ. ಒಂದು ಮಾತು ಹೇಳಿದ್ರ ಮುಗೀತಿತ್ತಲ್ಲ!"

ಅವರು ದೂರ, ಆ ಕಡೆಯ ದಂಡೆ ಇರಬೇಕಾದ ಕಡೆ ನೋಡಿದರು. ತಪ್ಪು ಮಾಡಿ ಸಿಕ್ಕವರ ಹಾಗೆ ಮುಖ ಇತ್ತು.

"ಹೇಳಿದ್ರ ಮನಿಗೆ ಹೋಗಬೇಕಾಗ್ತಿತ್ತಲ್ಲ," ಎಂದರು.

ಮುಂದಿನ ಅಲೆ ನಮ್ಮಿಬ್ಬರನ್ನೂ ಕೆಡವಿತು. ಎದ್ದು ನೋಡಿದರೆ ನನ್ನ ಮುಷ್ಟಿಯಲ್ಲಿದ್ದ ಮಣೂಕ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿತ್ತು, ಅವರು ಕೆಮ್ಮುತ್ತಾ ನಗುತ್ತಿದ್ದರು, ನನ್ನ ರಟ್ಟೆ ಇನ್ನೂ ಬಿಟ್ಟಿರಲಿಲ್ಲ.